ಅಮ್ಮ ನನ್ನ ಹೆಸರಿನಲ್ಲಿ ಹೇಳಿದ ಕಾಯಿಲೆ

ಶ್ರಾವ್ಯಾ, ನಿಶಾಂತಾ, ಪುಟ್ಟ ಅನ್ವಿತಾ, ಈ ಸಲ ನಿಮಗೆ ಬರೆಯುತ್ತಿರುವುದು ಸ್ವಲ್ಪ ಮುಜುಗರದ ವಿಷಯ. ಇದುವರೆಗೆ ಬರೆದುಕೊಟ್ಟ ಹಾಳೆಗಳಲ್ಲಿ ನಮ್ಮ ಬಾವಿ, ದನ, ಶಾಲೆ, ಅಜ್ಜನ ಮದುವೆಯ ಕೋಟು ಎಲ್ಲ ಬಂದಿವೆ. ಇದು ಬಂದಿಲ್ಲ. ಬರುವುದು ಬೇಡ ಎಂದೇ ಇದ್ದೆ. ಆದರೆ ಹೋದ ವಾರ ಶ್ರಾವ್ಯಾ ಅಡುಗೆಮನೆಗೆ ಬಂದು, ಬಾಗಿಲು ಅರ್ಧ ಮುಚ್ಚಿ, ಹರಿವೆ ಸೊಪ್ಪು ಬಿಡಿಸುತ್ತಿದ್ದ ನನ್ನ ಹತ್ತಿರ ಕೂತು ಮೆಲ್ಲಗೆ ಕೇಳಿದಳು.

"ಅಜ್ಜೀ, ಹಿಂದೆ ತುರಿಕೆ ಆಗ್ತಾ ಉಂಟು. ಒಂದು ತಿಂಗಳಾಯ್ತು. ಮನೆಮದ್ದು ಎಂತಾದ್ರೂ ಉಂಟಾ?"

ನಾನು ಸೊಪ್ಪಿನಿಂದ ತಲೆ ಎತ್ತದೆ, "ಹೋಗಿ ಸ್ನಾನ ಮಾಡು, ನೀರು ಬಿಸಿ ಉಂಟು" ಎಂದೆ. ಅವಳು ಸ್ನಾನ ಮಾಡಿಯೇ ಬಂದಿದ್ದಳು, ತಲೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವಳ ಮುಖ ಸಣ್ಣದಾಯಿತು. ಎದ್ದು ಹೋದಳು. ಎಪ್ಪತ್ತು ದಾಟಿದ ಹೆಂಗಸಿಗೆ ಮೊಮ್ಮಗಳ ಒಂದು ಪ್ರಶ್ನೆಗೆ ಉತ್ತರ ಕೊಡಲು ನಾಚಿಕೆಯಾಯಿತು. ಆ ನಾಚಿಕೆ ನನ್ನ ಅಮ್ಮನನ್ನು ಎಲ್ಲಿಯವರೆಗೆ ಕರೆದುಕೊಂಡು ಹೋಗಿತ್ತು ಎಂದು ಗೊತ್ತಿದ್ದವಳು ನಾನೊಬ್ಬಳೇ, ಆದರೂ ಹಾಗೆ ಮಾಡಿದೆ. ಮರುದಿನ ಅವಳ ಹತ್ತಿರ ಕೇಳಿದೆ, ಬರೆಯಲಾ ಎಂದು. "ಬರೀರಿ ಅಜ್ಜಿ, ಅದರಲ್ಲಿ ಎಂತ ಉಂಟು" ಎಂದಳು. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆ ಕಾಪು ಪೇಟೆಯಿಂದ ಒಂದೂವರೆ ಮೈಲು ಒಳಗೆ ಇತ್ತು. ಮಣ್ಣಿನ ಗೋಡೆ, ಮುಳಿಹುಲ್ಲಿನ ಮಾಡು. ಮುಂದೆ ಚಾವಡಿ, ಹಿಂದೆ ಅಡುಗೆಮನೆ, ನಡುವೆ ಕಿಟಕಿಯಿಲ್ಲದ ಒಂದು ಕೋಣೆ. ಆ ಕೋಣೆಯಲ್ಲಿ ಅಕ್ಕಿ ಮುಡಿಗಳ ಪಕ್ಕ ನಾನು ಮತ್ತು ತಂಗಿ ಗಿರಿಜ ಒಂದೇ ಚಾಪೆಯಲ್ಲಿ, ಒಂದೇ ಹೊದಿಕೆಯೊಳಗೆ ಮಲಗುತ್ತಿದ್ದೆವು. ಅಪ್ಪ ಪೇಟೆಯಲ್ಲಿ ಬಟ್ಟೆಯಂಗಡಿಯ ಜಗಲಿಯಲ್ಲಿ ಹೊಲಿಗೆ ಮೆಷಿನು ಇಟ್ಟುಕೊಂಡಿದ್ದರು. ಮನೆಯ ಆಡಳಿತ ಅಪ್ಪನ ಅಕ್ಕನದು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ನಿಂತ ಅವರನ್ನು ನಾವು ದೊಡ್ಡತ್ತೆ ಎನ್ನುತ್ತಿದ್ದೆವು. ಅಮ್ಮ ಚಾವಡಿಯ ಕಂಬದ ಬುಡದಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಒದ್ದೆ ಮಾಡಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ. ಬೆಳಿಗ್ಗೆ ಗಂಜಿ ಕುಡಿದು ಕೂತರೆ ಮಧ್ಯಾಹ್ನ ಒಮ್ಮೆ ಎದ್ದು ಗಂಜಿ, ಒಣಮೀನಿನ ಚಟ್ನಿ ಉಂಡು ಮತ್ತೆ ಕೂರುವುದು. ನೀರು ಕುಡಿಯುತ್ತಿರಲಿಲ್ಲ. ನೀರು ಕುಡಿದರೆ ಏಳಬೇಕಾಗುತ್ತದೆ, ಎದ್ದರೆ ಹೋಗಲು ಜಾಗವಿಲ್ಲ. ಕಕ್ಕಸು ಎಂಬುದು ನಮ್ಮ ಸುತ್ತಿನ ಯಾರ ಮನೆಯಲ್ಲೂ ಇರಲಿಲ್ಲ. ಗಂಡಸರು ಯಾವ ಹೊತ್ತಿಗಾದರೂ ಗುಡ್ಡೆಗೆ ಹೋಗಬಹುದು. ಹೆಂಗಸರು ಬೆಳಕು ಹರಿಯುವ ಮೊದಲು ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ. ನಡುವೆ ಬಂದರೆ ತಡೆದುಕೊಳ್ಳಬೇಕು. ತಡೆದುಕೊಳ್ಳಲು ಬರುವವಳು ಒಳ್ಳೆಯ ಹೆಂಗಸು. ಮನೆಗೆ ಯಾರಾದರೂ ಬಂದರೆ ದೊಡ್ಡತ್ತೆ ಅಮ್ಮನನ್ನು ಹೊಗಳುತ್ತಿದ್ದುದು ಇದೊಂದೇ ವಿಷಯಕ್ಕೆ.

"ನಮ್ಮ ಇವಳು ಬೆಳಗ್ಗೆ ಕೂತ್ರೆ ಆಯ್ತು, ದೀಪ ಹಚ್ಚುವವರೆಗೆ ಜಾಗ ಬಿಟ್ಟು ಕದಲುದಿಲ್ಲ. ಈಗಿನವರ ಹಾಗೆ ಗಳಿಗೆಗೊಮ್ಮೆ ಏಳುವವಳಲ್ಲ."

ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಮಳೆಗಾಲ ಮುಗಿಯುತ್ತಿದ್ದಂತೆ ನನಗೆ ಹಿಂದೆ ತುರಿಕೆ ಶುರುವಾಯಿತು. ಹಗಲು ತಡೆಯಬಹುದಿತ್ತು, ಮಲಗಿದ ಮೇಲೆ ಆಗುತ್ತಿರಲಿಲ್ಲ. ನಿದ್ದೆಯಲ್ಲೇ ಕೆರೆದುಕೊಂಡು ಬೆಳಿಗ್ಗೆ ಉರಿಯುತ್ತಿತ್ತು. ಶಾಲೆಯಲ್ಲಿ ಬೆಂಚಿನ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜರುಗುತ್ತಿದ್ದೆ. ಒಂದು ದಿನ ಮಾಸ್ಟ್ರು, "ಸುಮತಿ, ನಿನ್ನ ಬೆಂಚಿನಲ್ಲಿ ಮಾತ್ರ ಇರುವೆ ಗೂಡು ಉಂಟಾ?" ಎಂದು ಕೇಳಿದರು. ಇಡೀ ಕ್ಲಾಸು ನಕ್ಕಿತು. ಆಮೇಲೆ ಎರಡು ದಿನ ಹೊಟ್ಟೆನೋವು ಎಂದು ಸುಳ್ಳು ಹೇಳಿ ಮನೆಯಲ್ಲಿ ಉಳಿದೆ. ತುರಿಕೆ ಎಂದು ಹೇಳಲು ನನ್ನ ಹತ್ತಿರ ಶಬ್ದವೇ ಇರಲಿಲ್ಲ. ನಮ್ಮ ಮನೆಯಲ್ಲಿ ದೇಹದ ಆ ಜಾಗಕ್ಕೆ ಹೆಸರಿರಲಿಲ್ಲ. ಗುದದ್ವಾರ ಎಂಬ ಮಾತನ್ನು ನಾನು ಓದಿದ್ದು ಮದುವೆಯಾದ ಎಷ್ಟೋ ವರ್ಷಗಳ ಮೇಲೆ, ಆಸ್ಪತ್ರೆಯ ಗೋಡೆಯ ಮೇಲೆ. ದೊಡ್ಡತ್ತೆ ಮಾತ್ರ ನನ್ನ ಕೂರುವ ರೀತಿಯಿಂದಲೇ ಹಿಡಿದುಬಿಟ್ಟರು.

"ಬೆಲ್ಲ ಕದ್ದು ತಿಂದಿದ್ದಿ ನೀನು! ಹುಳ ಆಗದೆ ಮತ್ತೆಂತ ಆಗ್ತದೆ?"

"ನಾನು ತಿನ್ನಲಿಲ್ಲ ದೊಡ್ಡತ್ತೆ."

"ತಿನ್ನದೆ ಹುಳ ಆಕಾಶದಿಂದ ಬಿತ್ತಾ?"

ಬೆಲ್ಲದ ಭರಣಿ ಅಟ್ಟಕ್ಕೆ ಹೋಯಿತು. ನನಗೆ ಒಂದು ದಿನ ಹರಳೆಣ್ಣೆ, ಆಮೇಲೆ ಏಳು ದಿನ ಕಹಿ ಕಿರಾತಕಡ್ಡಿಯ ಕಷಾಯ. ಅದೂ ಸಾಲದು ಎಂದು ದಿನಾ ಸಂಜೆ ಬಚ್ಚಲಲ್ಲಿ ನನ್ನನ್ನು ಬಗ್ಗಿಸಿ ನಿಲ್ಲಿಸಿ, ಸುಡುವ ನೀರು ಹೊಯ್ದು, ಬಟ್ಟೆ ಒಗೆಯುವ ಬಾರು ಸಾಬೂನಿನಿಂದ ತಿಕ್ಕುತ್ತಿದ್ದರು. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಒಳ್ಳೆಯದಾಗಲಿ ಎಂದೇ ಮಾಡಿದ್ದು. ಆದರೆ ಚರ್ಮ ಒಡೆದು ಹಗಲೂ ತುರಿಕೆ ಶುರುವಾಯಿತು. ತುರಿಕೆ ಹೆಚ್ಚಾದಷ್ಟು ಸಾಬೂನು ಹೆಚ್ಚಾಯಿತು.

ಅದೇ ದಿನಗಳಲ್ಲಿ ಅಮ್ಮ ಬೇರೆಯಾಗತೊಡಗಿದ್ದಳು. ಗೆರಸೆಯ ಮುಂದೆ ಕೂರುವಾಗ ಹಳೆ ಸೀರೆ ಮಡಚಿ ಅಡಿಗೆ ಹಾಕಿಕೊಳ್ಳುತ್ತಿದ್ದಳು, ಒಂದು ಬದಿಗೆ ವಾಲಿ ಕೂರುತ್ತಿದ್ದಳು. ಊಟ ನಿಂತೇ ಮಾಡುತ್ತಿದ್ದಳು. ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ ಮಾತ್ರ ಗುಡ್ಡೆಗೆ ಹೋಗುವುದು, ಬರುವಾಗ ತುಟಿ ಬಿಳಿಚಿಕೊಂಡಿರುತ್ತಿತ್ತು. ತನ್ನ ಬಟ್ಟೆಯನ್ನು ನಮ್ಮ ಬಟ್ಟೆಯ ಜೊತೆ ಹಾಕದೆ ಬೇರೆಯೇ ಒಗೆದು, ದನದ ಹಟ್ಟಿಯ ಹಿಂದೆ ಒಣಗಿಸುತ್ತಿದ್ದಳು. ಒಂದು ಬೆಳಿಗ್ಗೆ ನಾನು ನೀರು ಸೇದಲು ಹೋದಾಗ ಒಗೆಯುವ ಕಲ್ಲಿನ ಮೇಲೆ ಅವಳ ಒಳಸೀರೆ ಇತ್ತು. ಅದರಲ್ಲಿ ಕೆಂಪು ಕಲೆ. ಅಮ್ಮ ಬೇಗ ಅದನ್ನು ಬಕೆಟಿಗೆ ಹಾಕಿ, "ನೀನೆಂತಕ್ಕೆ ಇಲ್ಲಿ? ಹೋಗು" ಎಂದಳು.

ಅಮ್ಮನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಅವಳು ನನಗೆ ಹೇಳಿದ್ದು ನನ್ನ ಮೊದಲ ಬಾಣಂತನದಲ್ಲಿ. ಆದರೆ ನಿಮಗೆ ಈಗಲೇ ಹೇಳುತ್ತೇನೆ. ಅವಳ ತವರು ಕಾರ್ಕಳ. ಅವಳ ಅಮ್ಮನಿಗೆ ಹೀಗೆಯೇ ಹಿಂದಿನಿಂದ ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಎಂದುಕೊಂಡು ಬೇರು, ಭಸ್ಮ ಎಂದು ಎರಡು ವರ್ಷ ಕಳೆದರು. ಯಾರಿಗೂ ತೋರಿಸಲಿಲ್ಲ. ಕೊನೆಗೆ ಎಲುಬು ಚರ್ಮ ಮಾತ್ರ ಉಳಿದಾಗ ಡಾಕ್ಟರರು ಬಂದು ನೋಡಿ, ಕರುಳಿನೊಳಗೆ ಗಡ್ಡೆ ಬೆಳೆದಿದೆ, ತಡವಾಯಿತು ಎಂದರಂತೆ. ತನಗೂ ಅದೇ ಬಂದಿದೆ ಎಂದು ಅಮ್ಮ ನಿಶ್ಚಯಿಸಿಬಿಟ್ಟಿದ್ದಳು. ಸಾಯುವ ಹೆದರಿಕೆ ಎಷ್ಟಿತ್ತೋ ಬಿಚ್ಚಿ ತೋರಿಸುವ ಹೆದರಿಕೆಯೂ ಅಷ್ಟೇ ಇತ್ತು. ಅವಳು ಡಾಕ್ಟರರ ಹತ್ತಿರ ಹೋಗಲಿಲ್ಲ. ಬದಲಿಗೆ ನನಗೆ ಮನೆಕೆಲಸ ಕಲಿಸತೊಡಗಿದಳು. ಗಂಜಿ ಬಸಿಯುವುದು, ಗಿರಿಜಳ ತಲೆ ಬಾಚಿ ಜಡೆ ಹಾಕುವುದು, ಅಪ್ಪನಿಗೆ ಮೀನು ಸಾರಿಗೆ ಹುಳಿ ಎಷ್ಟು ಬೇಕು ಎಂಬುದು. ಒಂಬತ್ತು ವರ್ಷದ ನಾನು ದೊಡ್ಡವಳಾದೆ ಎಂದು ಹಿಗ್ಗುತ್ತಿದ್ದೆ.

ಒಂದು ಸಂಜೆ ಅಪ್ಪ ಕೈಕಾಲು ತೊಳೆದು ಚಾವಡಿಯಲ್ಲಿ ಕೂತಿದ್ದಾಗ ಅಮ್ಮ ಬಾಗಿಲ ಹಿಂದೆ ನಿಂತು ಮಾತು ತೆಗೆದಳು. ಅವಳು ತಾನಾಗಿ ಮಾತು ತೆಗೆಯುವುದೇ ಅಪರೂಪ.

"ಸುಮತಿಯನ್ನು ಒಮ್ಮೆ ಉಡುಪಿಗೆ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಿಸ್ಬೇಕು."

ದೊಡ್ಡತ್ತೆ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದವರು ಅಲ್ಲಿಗೇ ನಿಲ್ಲಿಸಿದರು.

"ಹುಳಕ್ಕೆ ಡಾಕ್ಟ್ರಾ? ನಾಳೆ ಸೀನು ಬಂದ್ರೆ ಮದ್ರಾಸಿಗೆ ಹೋಗ್ತೀಯಾ ಮಾರಾಯ್ತಿ?"

"ಹುಳ ಮಾತ್ರ ಅಲ್ಲ ಅಕ್ಕ. ಅವಳಿಗೆ ರಕ್ತ ಹೋಗ್ತಾ ಉಂಟು."

ನಾನು ಗಿರಿಜಳಿಗೆ ಮಗ್ಗಿ ಹೇಳಿಕೊಡುತ್ತಿದ್ದೆ. ನನಗೆ ರಕ್ತ ಹೋಗುತ್ತಿರಲಿಲ್ಲ. ತಲೆ ಎತ್ತಿ ಅಮ್ಮನನ್ನು ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಬೈಯುವ ನೋಟವಲ್ಲ ಅದು, ಬೇಡುವ ನೋಟ. ನಾನು ಎರಡರ ಮಗ್ಗಿಯನ್ನು ಮತ್ತೆ ಮೊದಲಿನಿಂದ ಶುರುಮಾಡಿದೆ. ಅಪ್ಪ, "ಹೋಗಿ ಬರ್ಲಿ ಅಕ್ಕ, ಹೆಣ್ಣು ಮಗು" ಎಂದರು. ದೊಡ್ಡತ್ತೆ ಆಮೇಲೆ ಎರಡು ದಿನ ಅಪ್ಪನ ಜೊತೆ ಮಾತಾಡಲಿಲ್ಲ.

ಉಡುಪಿಯಲ್ಲಿ ಆಗ ಒಬ್ಬರು ಹೆಂಗಸು ಡಾಕ್ಟರರಿದ್ದರು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು, ವಯಸ್ಸಾದವರು. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಎನ್ನುವುದರಿಂದ ಊರೆಲ್ಲ ಅವರನ್ನು ಬಾಯಮ್ಮ ಡಾಕ್ಟ್ರು ಎನ್ನುತ್ತಿತ್ತು. ನಾನು ಅಷ್ಟು ದೂರ ಬಸ್ಸಿನಲ್ಲಿ ಹೋದದ್ದು ಅದೇ ಮೊದಲು. ಕಟಪಾಡಿಯವರೆಗೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ, ಆಮೇಲೆ ಅಮ್ಮನನ್ನು ನೋಡಿದೆ. ಸೀಟು ಸಿಕ್ಕಿದರೂ ಅವಳು ಕಂಬಿ ಹಿಡಿದು ನಿಂತೇ ಇದ್ದಳು. ಡಾಕ್ಟರರ ಕೋಣೆಯಲ್ಲಿ ಹಸಿರು ಪರದೆ, ಎತ್ತರದ ಒಂದು ಮಂಚ, ಡೆಟ್ಟಾಲಿನ ವಾಸನೆ. ಬಾಯಮ್ಮ ಡಾಕ್ಟ್ರು ಕನ್ನಡಕದ ಮೇಲಿನಿಂದ ನೋಡಿದರು.

"ಎಂತ ಆಗ್ತಾ ಉಂಟು ಮಗಳಿಗೆ? ಹೇಳಿ."

ಅಮ್ಮ ನೆಲ ನೋಡುತ್ತ ಹೇಳತೊಡಗಿದಳು. ಮೊದಲು ತಡವರಿಸಿದಳು, ಆಮೇಲೆ ನಿಲ್ಲಿಸಲಾಗದವರ ಹಾಗೆ ಹೇಳಿದಳು. ತುರಿಕೆ ಆಗ್ತದೆ, ಉರಿ ಆಗ್ತದೆ. ಹೋಗುವಾಗ ಚೂರಿಯಲ್ಲಿ ಕೊಯ್ದ ಹಾಗೆ ಆಗ್ತದೆ. ಗಟ್ಟಿ ಹೋಗ್ತದೆ, ಅದರ ಮೇಲೆ ಕೆಂಪು ರಕ್ತ ಬರ್ತದೆ. ಆಮೇಲೆ ಒಂದು ಗಂಟೆ ಕೂರ್ಲಿಕ್ಕೆ ಆಗುದಿಲ್ಲ. ಹೆದರಿ ಹೆದರಿ ಮೂರು ದಿನ ತಡೆದುಕೊಳ್ತಾಳೆ. "ಗಡ್ಡೆ ಇರಬಹುದಾ ಬಾಯಮ್ಮ?" ಎಂದು ಕೇಳುವಾಗ ಅವಳ ಸ್ವರ ಒಡೆಯಿತು. ನಾನು ಪಕ್ಕದಲ್ಲಿ ನಿಂತು ನನ್ನದಲ್ಲದ ಕಾಯಿಲೆಯನ್ನು ಕೇಳುತ್ತಿದ್ದೆ.

ಪರದೆಯ ಹಿಂದೆ ಡಾಕ್ಟ್ರು ನನ್ನನ್ನು ಬದಿಗೆ ಮಲಗಿಸಿ, ದೀಪ ಹಿಡಿದು ನೋಡಿದರು. ನಾಚಿಕೆಗಿಂತ ಅವರ ಕೈಯ ತಂಪು ನೆನಪಿದೆ. ಬೇಗ ಮುಗಿಯಿತು.

"ಇವಳಿಗೆ ದಾರದ ಹಾಗಿನ ಸಣ್ಣ ಬಿಳಿ ಹುಳ. ಇಲ್ಲಿ ಕಾಣ್ತದೆ ನೋಡಿ. ಮಲಗಿದ ಮೇಲೆ ಹೊರಗೆ ಬಂದು ಮೊಟ್ಟೆ ಇಡುದು, ಅದಕ್ಕೇ ಆಗ ತುರಿಕೆ. ಮತ್ತೆ ಚರ್ಮ ಯಾರು ಹೀಗೆ ಸುಲಿದದ್ದು? ಸಾಬೂನಾ?"

"ಬಾರು ಸಾಬೂನು" ಎಂದೆ ನಾನು.

"ದೇವರೇ! ಮಗುವಾ, ಗೋಣಿಯಾ?" ಎಂದು ಅವರು ಕೈ ತೊಳೆಯಲು ಹೋದರು. ಕೈ ಒರೆಸುತ್ತ ನನ್ನ ಕಡೆ ತಿರುಗಿದರು. "ಗಾಯ ಇಲ್ಲ, ರಕ್ತ ಬಂದ ಗುರುತೂ ಇಲ್ಲ. ನಿನಗೆ ಹೋಗುವಾಗ ನೋವಾಗ್ತದಾ ಮಗಾ?"

ನಾನು ಶಾಲೆಯಲ್ಲಿ ಹಾಜರಿ ಹೇಳುವಾಗ ಕೂಡ ಸ್ವರ ಬಾರದ ಹುಡುಗಿ. ಹೌದು ಎಂದರೆ ಡಾಕ್ಟರರಿಗೆ ಸುಳ್ಳು, ಇಲ್ಲ ಎಂದರೆ ಅಮ್ಮ ಸುಳ್ಳುಗಾರ್ತಿ. ಅಮ್ಮ ಕೊಡೆಯ ಹಿಡಿಯನ್ನು ತಿರುಗಿಸುತ್ತ ಇದ್ದಳು. ಒಗೆಯುವ ಕಲ್ಲು ನೆನಪಾಯಿತು.

"ನನಗಲ್ಲ," ಎಂದೆ. "ರಕ್ತ ಅಮ್ಮನಿಗೆ."

ಅಮ್ಮ ಹೊಡೆಯುತ್ತಾಳೆ ಎಂದುಕೊಂಡೆ. ಅವಳು, "ಇಲ್ಲ, ಇವಳಿಗೆ ಎಂತ ಗೊತ್ತು" ಎಂದು ಎದ್ದು ಬಾಗಿಲ ಕಡೆ ಹೊರಟೇಬಿಟ್ಟಳು. ಬಾಯಮ್ಮ ಡಾಕ್ಟ್ರು ಅವಳ ಕೈ ಹಿಡಿಯಲಿಲ್ಲ, ಗದರಿಸಲಿಲ್ಲ.

"ನೋಡಿ, ನನಗೂ ಆ ಜಾಗ ಉಂಟು, ಅರಮನೆಯ ರಾಣಿಗೂ ಉಂಟು. ಎರಡು ನಿಮಿಷದ ಕೆಲಸ. ಈಗ ಹೋದ್ರೆ ಮನೆಗೆ ಹೋಗಿ ದಿನಾ ಅದನ್ನೇ ಯೋಚನೆ ಮಾಡ್ತೀರಿ, ಅಲ್ವಾ?"

ನನ್ನನ್ನು ಹೊರಗೆ ಬೆಂಚಿನಲ್ಲಿ ಕೂರಿಸಿದರು. ಎರಡು ನಿಮಿಷ ಅಲ್ಲ, ಬಹಳ ಹೊತ್ತಾಯಿತು. ಒಮ್ಮೆ ಅಮ್ಮ ನೋವಿನಿಂದ ಕೂಗಿದ್ದು ಕೇಳಿಸಿತು, ಆಮೇಲೆ ಅಳು. ನಾನು ಹೇಳಬಾರದಿತ್ತು ಎಂದು ನನಗೂ ಅಳು ಬಂತು. ಬಾಗಿಲು ತೆರೆದು ಹೊರಗೆ ಬಂದ ಅಮ್ಮನ ಕೆನ್ನೆ ಒದ್ದೆಯಾಗಿತ್ತು, ಆದರೆ ಬಾಯಿ ನಗುತ್ತಿತ್ತು. ನನ್ನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು.

"ಒಡೆದದ್ದಂತೆ ಸುಮತೀ! ಹಿಮ್ಮಡಿ ಒಡೆಯುವ ಹಾಗೆ. ಅಷ್ಟೇ ಅಂತೆ. ಬೆರಳು ಹಾಕಿ ಕೂಡ ನೋಡಿದ್ರು, ಗಡ್ಡೆ ಕೈಗೆ ಸಿಗಲಿಲ್ಲ ಅಂತೆ."

ಡಾಕ್ಟ್ರು ನಮ್ಮನ್ನು ಮತ್ತೆ ಕೂರಿಸಿ ಬಿಡಿಸಿ ಹೇಳಿದರು. ನೀರು ಕುಡಿಯದೆ, ಬಂದದ್ದನ್ನು ತಡೆದುಕೊಂಡು, ಇಡೀ ದಿನ ಕೂತರೆ ಮಲ ಕಲ್ಲಾಗುತ್ತದೆ. ಅದು ಹೋಗುವಾಗ ಚರ್ಮ ಸೀಳುತ್ತದೆ. ನೋವಿಗೆ ಹೆದರಿ ಇನ್ನೂ ತಡೆದರೆ ಇನ್ನೂ ಗಟ್ಟಿ. ಚೆನ್ನಾಗಿ ನೀರು ಕುಡಿಯಬೇಕು, ಬಸಳೆ, ಹರಿವೆ, ಬಾಳೆಹಣ್ಣು ತಿನ್ನಬೇಕು, ದಿನಕ್ಕೆರಡು ಸಲ ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಕೂರಬೇಕು, ಬಂದಾಗ ಹೋಗಬೇಕು. ಆಮೇಲೆ ಬೆರಳೆತ್ತಿ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. "ತಾಯಿಗೆ ಹಾಗಾಗಿತ್ತು ಅಂತ ಒಳಗೆ ಹೇಳಿದ್ರಿ. ಒಳ್ಳೇದು ಮಾಡಿದ್ರಿ. ಒಂದೂವರೆ ತಿಂಗಳು ಬಿಟ್ಟು ಬನ್ನಿ. ಗುಣ ಆಗಿದ್ರೂ ಬರ್ಬೇಕು. ರಕ್ತ ನಿಲ್ಲದಿದ್ರೆ ದೊಡ್ಡ ಆಸ್ಪತ್ರೆಗೆ ನಾನೇ ಕಳಿಸ್ತೇನೆ. ಇನ್ನು ಮೇಲೆ ಯಾವ ಡಾಕ್ಟರು ನೋಡಿದ್ರೂ ತಾಯಿಯ ವಿಷಯ ಮೊದಲು ಹೇಳಿ."

ನನ್ನ ಹುಳಕ್ಕೆ ಸಿಹಿಯಾದ ಒಂದು ಔಷಧ ಕೊಟ್ಟರು, ಆದರೆ ಮನೆಯವರೆಲ್ಲ ಕುಡಿಯಬೇಕು ಎಂದರು. ಉಗುರು ಕತ್ತರಿಸಬೇಕು, ಚಾಪೆ ಬಿಸಿಲಿಗೆ ಹಾಕಬೇಕು, ಹೊದಿಕೆ, ಒಳಬಟ್ಟೆ ಕುದಿಯುವ ನೀರಿನಲ್ಲಿ ಒಗೆಯಬೇಕು, ಎದ್ದ ಕೂಡಲೇ ತೊಳೆದುಕೊಳ್ಳಬೇಕು, ಬರೀ ನೀರಿನಲ್ಲಿ, ಒತ್ತಿ ಒರೆಸಿ ಒಣಗಿಸಬೇಕು. ಬೆಲ್ಲದಿಂದ ಹುಳ ಬರುವುದಿಲ್ಲ, ಮೊಟ್ಟೆ ಉಗುರಿನಿಂದ ಬಾಯಿಗೆ ಹೋಗುವುದು ಎಂದೂ ಹೇಳಿದರು. ಬಸ್ ಸ್ಟ್ಯಾಂಡಿನಲ್ಲಿ ಅಮ್ಮ ಎಳನೀರಿನ ಎರಡು ಬೊಂಡ ಕೆತ್ತಿಸಿದಳು. ಅವಳು ಹಗಲು ಹೊತ್ತಿನಲ್ಲಿ ಇಡೀ ಬೊಂಡದ ನೀರು ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನದರಲ್ಲಿ ಉಳಿದದ್ದನ್ನೂ ಕುಡಿದಳು.

ಮನೆಯಲ್ಲಿ ಔಷಧದ ಬಾಟಲಿ ನೋಡಿ ದೊಡ್ಡತ್ತೆ ಸೆರಗು ಕೊಡವಿದರು.

"ನನಗೆ ಹುಳವಾ? ನನ್ನ ಪ್ರಾಯಕ್ಕೆ ಅಷ್ಟೂ ಮರ್ಯಾದೆ ಇಲ್ವಾ?"

"ನೀವು ಕುಡಿಯದಿದ್ರೆ ಮಕ್ಕಳಿಗೆ ಮತ್ತೆ ಬರ್ತದಂತೆ ಅಕ್ಕ," ಎಂದಳು ಅಮ್ಮ. ದೊಡ್ಡತ್ತೆ ಗೋಡೆಗೆ ಮುಖ ಮಾಡಿ ಕುಡಿದರು. ಸ್ವಲ್ಪ ಹೊತ್ತಿನ ಮೇಲೆ, "ರುಚಿ ಅಡ್ಡಿಲ್ಲ" ಎಂದರು.

ದೊಡ್ಡ ಜಗಳ ಆದದ್ದು ಕಕ್ಕಸಿಗೆ. ಅಮ್ಮ ಅಪ್ಪನಿಗೆ ಎಲ್ಲವನ್ನೂ ಹೇಳಿರಬೇಕು. ಮರುದಿನ ಅಪ್ಪ ಮೆಷಿನು ಮುಚ್ಚಿಟ್ಟು ಬಂದು ಹುಲ್ಲಿನ ಕುತ್ತರಿಯ ಹಿಂದೆ, ಬಾವಿಯಿಂದ ದೂರ, ಗುಂಡಿ ತೋಡತೊಡಗಿದರು. ದೇವರಿಗೆ ದೀಪ ಹಚ್ಚುವ ಮನೆಯ ಹಿತ್ತಿಲಲ್ಲಿ ಹೊಲಸಾ, ನಾನು ಮನೆ ಬಿಟ್ಟು ಹೋಗುತ್ತೇನೆ ಎಂದು ದೊಡ್ಡತ್ತೆ ಬಟ್ಟೆಯ ಗಂಟು ಕಟ್ಟಿದರು. ಅಪ್ಪ ಗುದ್ದಲಿ ನಿಲ್ಲಿಸಲಿಲ್ಲ. "ಅಕ್ಕ, ಮನೆಯಲ್ಲಿ ಹೆಂಗಸರು ಉಳೀಬೇಕಲ್ಲ" ಎಂದರು, ಅಷ್ಟೇ. ಮೇಲೆ ಹಲಗೆ, ಸುತ್ತ ಹೆಣೆದ ತೆಂಗಿನ ಮಡಲಿನ ತಟ್ಟಿ, ಒಂದು ಬಾಗಿಲು. ದೊಡ್ಡತ್ತೆ ಎಲ್ಲಿಗೂ ಹೋಗಲಿಲ್ಲ, ಕಟ್ಟಿದ ಗಂಟನ್ನು ಬಿಚ್ಚಿದರು. ಮುಂದಿನ ಆಷಾಢದ ಒಂದು ಜಡಿಮಳೆಯ ದಿನ ಕೊಡೆ ಹಿಡಿದು ಆ ತಟ್ಟಿಯ ಒಳಗೆ ಹೋದದ್ದನ್ನು ನಾನೂ ಗಿರಿಜಳೂ ನೋಡಿದೆವು. ನಾವು ನಗುವುದು ಕೇಳಿ ಒಳಗಿನಿಂದಲೇ ಬೈದರು.

ಒಂದೂವರೆ ತಿಂಗಳ ಮೇಲೆ ಅಮ್ಮ ಒಬ್ಬಳೇ ಉಡುಪಿಗೆ ಹೋಗಿ ತೋರಿಸಿ ಬಂದಳು. ರಕ್ತ ನಿಂತಿತ್ತು, ಗಾಯ ಮಾಯ್ದಿತ್ತು. ಹೋಗುವಾಗಲೂ ಬರುವಾಗಲೂ ಬಸ್ಸಿನಲ್ಲಿ ಕೂತೇ ಬಂದೆ ಎಂದು ಮನೆಗೆ ಬಂದು ಹೇಳಿದಳು. ಎಂಬತ್ತಾರು ವರ್ಷ ಬದುಕಿ, ನಿಮ್ಮ ಅಪ್ಪಂದಿರನ್ನು ಎತ್ತಿ ಆಡಿಸಿ ಹೋದಳು. ನನ್ನ ಬಾಣಂತನದಲ್ಲಿ ಒಂದು ದಿನ ಎಣ್ಣೆ ಹಚ್ಚುತ್ತ ಹೇಳಿದಳು: "ಅವತ್ತು ನಿನ್ನ ಹೆಸರಲ್ಲಿ ಹೇಳಿ ಔಷಧ ತರುವ ಅಂತ ಇದ್ದೆ. ನೀನು ಬಾಯಿ ಬಿಡದಿದ್ರೆ ನಾನು ಹಾಗೇ ತಿರುಗಿ ಬರ್ತಿದ್ದೆ." ನಾನು ಬದುಕಿನಲ್ಲಿ ಗಟ್ಟಿಯಾಗಿ ಆಡಿದ ಮಾತುಗಳು ಕಡಿಮೆ. ಆ ಎರಡು ಮಾತು ಆಡಿದ್ದಕ್ಕೆ ಸಮಾಧಾನವಿದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ ಶ್ರಾವ್ಯಾ. ತುರಿಕೆಗೆ ಕಾರಣ ಹಲವು, ಹೆಚ್ಚಿನವು ಸಣ್ಣವು. ಮಕ್ಕಳಿಗೆ ಹುಳ. ದೊಡ್ಡವರಿಗೆ ಗಟ್ಟಿ ಮಲ, ಒಡೆದ ಚರ್ಮ, ಮೂಲವ್ಯಾಧಿ. ಬೆವರು, ಒದ್ದೆ, ಬಿಗಿ ಬಟ್ಟೆ, ಭೇದಿ, ಸರಿಯಾಗಿ ತೊಳೆಯದಿರುವುದು, ದೊಡ್ಡತ್ತೆಯ ಹಾಗೆ ಅತಿಯಾಗಿ ತೊಳೆಯುವುದು. ಕೆಲವರಿಗೆ ಖಾರ, ಕಾಫಿ ಆಗುವುದಿಲ್ಲ. ಹುಳಕಡ್ಡಿಯಂಥ ಚರ್ಮರೋಗವೂ ಇರಬಹುದು. ನಿಮ್ಮ ಅಜ್ಜನಿಗೆ ಅರವತ್ತರ ಮೇಲೆ ಹೀಗೆ ತುರಿಕೆಯಾಗಿ ತೋರಿಸಿದಾಗಲೇ ಸಕ್ಕರೆ ಕಾಯಿಲೆ ಇರುವುದು ಗೊತ್ತಾದದ್ದು. ಸಾಬೂನು ಬಿಟ್ಟು, ಒಣಗಿಸಿಟ್ಟು, ಕೆರೆಯದೆ ಇದ್ದರೆ ಎಷ್ಟೋ ಸಲ ತಾನಾಗಿ ಹೋಗುತ್ತದೆ. ಎರಡು ಮೂರು ವಾರದಲ್ಲಿ ಹೋಗದಿದ್ದರೆ, ನಿದ್ದೆ ಕೆಡಿಸಿದರೆ ತೋರಿಸಬೇಕು. ರಕ್ತ ಅಥವಾ ಕೀವು ಕಂಡರೆ, ಗಂಟು ಕೈಗೆ ಸಿಕ್ಕಿದರೆ, ಜೋರು ನೋವು, ಜ್ವರ ಬಂದರೆ, ಮಲ ಕಪ್ಪಾದರೆ, ಹೋಗುವ ಕ್ರಮ ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ ವಾರ ಎಣಿಸದೆ ಹೋಗಬೇಕು. ನಿನಗೆ ತಿಂಗಳಾಯಿತು. ಮಂಗಳವಾರ ಮಣಿಪಾಲದ ಆಸ್ಪತ್ರೆಗೆ ಹೋಗು, ನಾನೂ ಬರುತ್ತೇನೆ. ಒಳಗೆ ಬಾ ಎಂದರೆ ಒಳಗೆ, ಬೇಡ ಎಂದರೆ ಹೊರಗೆ ಬೆಂಚಿನಲ್ಲಿ ಕೂರುತ್ತೇನೆ.

ನಿಶಾಂತಾ, ಅನ್ವಿತಾ, ಇದು ನಿಮಗೂ ಸೇರಿದ್ದು. ನಮ್ಮ ಮನೆಯವರಲ್ಲಿ ಯಾರಿಗಾದರೂ ಇಂಥದ್ದು ಇತ್ತಾ ಎಂದು ಡಾಕ್ಟರರು ಒಂದು ದಿನ ನಿಮ್ಮನ್ನು ಕೇಳುತ್ತಾರೆ. ಕಾರ್ಕಳದ ಆ ಅಜ್ಜಿಯ ಫೋಟೋ ಇಲ್ಲ, ಅವರ ಕಾಯಿಲೆಯ ಬಗ್ಗೆ ಒಂದು ಚೀಟಿಯೂ ಇಲ್ಲ, ಗೊತ್ತಿದ್ದವರಲ್ಲಿ ನಾನೇ ಕೊನೆಯವಳು. ಅದಕ್ಕೆ ಈ ಹಾಳೆಗಳನ್ನು ನಾಚಿಕೆಪಟ್ಟು ಟ್ರಂಕಿನ ಅಡಿಗೆ ಹಾಕಬೇಡಿ. ನಿಮ್ಮ ರಕ್ತಪರೀಕ್ಷೆಯ ಚೀಟಿ, ಚುಚ್ಚುಮದ್ದಿನ ಕಾರ್ಡು ಇಡುವ ಫೈಲಿನಲ್ಲಿ, ಕೈಗೆ ಸಿಗುವ ಹಾಗೆ, ಜೋಪಾನವಾಗಿ ಇಟ್ಟುಕೊಳ್ಳಿ.